ಮೈಕೇಲ್ ಮಧುಸೂದನ ದತ್ತರ ಎರಡು ನುಡಿಗಳು

ಪಾಠ ಹೇಳುವ ನಮ್ಮ ಮೇಜಿನ ಮೇಲೆ ವಾರಕ್ಕೊಮ್ಮೆ ಎರಡು ರಾಶಿ ಪುಸ್ತಕಗಳು ಬಂದು ಕೂಡುತ್ತವೆ. ಒಂದು ಇಂಗ್ಲಿಷ್ ಪ್ರಬಂಧಗಳದು, ಇನ್ನೊಂದು ಕನ್ನಡ ಪ್ರಬಂಧಗಳದು. ಬರೆದ ಕೈ ಒಂದೇ. ಆದರೆ ಒಬ್ಬಳೇ ವಿದ್ಯಾರ್ಥಿನಿಯ ಎರಡು ಪುಸ್ತಕಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಬೇರೆ ಬೇರೆ ಇಬ್ಬರು ಬರೆದಂತೆ ತೋರುವುದುಂಟು. ಇಂಗ್ಲಿಷ್ ಪುಸ್ತಕದಲ್ಲಿ ಪದಗಳು ಕಡಿಮೆ, ತಪ್ಪುಗಳು ಹೆಚ್ಚು. ಆದರೂ ವಿಷಯವನ್ನು ಭಾಗಮಾಡಿಕೊಂಡು, ಒಂದು ಭಾಗ ಮುಗಿದ ಮೇಲೆ ಇನ್ನೊಂದಕ್ಕೆ ಹೋಗಿ, ಕೊನೆಯಲ್ಲಿ ಒಂದು ಮುಕ್ತಾಯಕ್ಕೆ ಬಂದಿರುತ್ತಾಳೆ. ಕನ್ನಡ ಪುಸ್ತಕದಲ್ಲಿ ಮಾತು ಹೊಳೆಯಂತೆ ಹರಿದಿರುತ್ತದೆ. ಆದರೆ ಹೊಳೆಗೆ ದಡಗಳಿರುವುದಿಲ್ಲ. ಇಂಗ್ಲಿಷನ್ನು ಕಲಿಯಬೇಕು, ಕನ್ನಡವು ಬಂದೇ ಇದೆ ಎಂಬ ಭಾವನೆಯೇ ಇದಕ್ಕೆ ಕಾರಣವೆಂದು ನಮಗೆ ತೋರುತ್ತದೆ.

ಇಂಗ್ಲಿಷಿಗೆ ಕೊಟ್ಟ ಹೊತ್ತೆಲ್ಲ ಕನ್ನಡಕ್ಕೆ ನಷ್ಟವೆಂದು ಕೆಲವು ತಂದೆತಾಯಿಗಳು ಹೇಳುತ್ತಾರೆ. ಕನ್ನಡಕ್ಕೆ ಕೊಟ್ಟ ಹೊತ್ತೆಲ್ಲ ಇಂಗ್ಲಿಷಿಗೆ ನಷ್ಟವೆಂದು ಮತ್ತೆ ಕೆಲವರು ಹೇಳುತ್ತಾರೆ. ಇಬ್ಬರೂ ಎರಡು ನುಡಿಗಳನ್ನು ಒಂದೇ ತಕ್ಕಡಿಯ ಎರಡು ತಟ್ಟೆಗಳೆಂದು ಭಾವಿಸಿದ್ದಾರೆ. ಒಂದು ನುಡಿಯಲ್ಲಿ ದುಡಿದು ಗಳಿಸಿದ ಬರೆಹದ ಶಕ್ತಿಯು ಇನ್ನೊಂದಕ್ಕೆ ದಾಟಿ ಬರುವುದೇ? ಬರುವುದಾದರೆ ಯಾವುದು ಬರುವುದು, ಯಾವುದು ಬಾರದು? ಈ ಪ್ರಶ್ನೆಗೆ ತರ್ಕದಿಂದ ಉತ್ತರ ಹೇಳುವುದಕ್ಕಿಂತ ಒಂದು ಜೀವನವನ್ನು ಮುಂದಿಡುವುದು ಲೇಸೆಂದು ಎಣಿಸಿ, ವಂಗ ಸಾಹಿತ್ಯದಲ್ಲಿ ಹೊಸ ಯುಗವನ್ನು ತೆರೆದ ಮೈಕೇಲ್ ಮಧುಸೂದನ ದತ್ತರ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳುತ್ತೇವೆ.

ಬಂಗಾಳದ ಜೆಸ್ಸೋರ್ ಜಿಲ್ಲೆಯಲ್ಲಿ ಕಪೋತಾಕ್ಷವೆಂಬ ನದಿಯ ದಡದಲ್ಲಿ ಸಾಗರದಾಂಡಿ ಎಂಬ ಹಳ್ಳಿಯಿದೆ. ಈಗ ಅದು ಬಾಂಗ್ಲಾದೇಶಕ್ಕೆ ಸೇರಿದೆ. ಮಧುಸೂದನರು ಅಲ್ಲಿ 1824ನೆಯ ಇಸವಿ ಜನವರಿ 25ರಂದು ಜನಿಸಿದರು. ತಂದೆ ರಾಜನಾರಾಯಣ ದತ್ತರು ಕಲ್ಕತ್ತೆಯ ಸದರ್ ದಿವಾನಿ ಅದಾಲತ್ತಿನಲ್ಲಿ ಹೆಸರಾದ ವಕೀಲರು. ತಾಯಿ ಜಾಹ್ನವೀದೇವಿಯವರು ಆ ಕಾಲದ ಹೆಂಗಸರಲ್ಲಿ ಅಪರೂಪವಾಗಿ ಓದುಬರಹ ಬಲ್ಲವರು. ಕೃತ್ತಿವಾಸನ ರಾಮಾಯಣವನ್ನೂ ಕಾಶೀರಾಮದಾಸನ ಮಹಾಭಾರತವನ್ನೂ ಅವರು ಮಗನಿಗೆ ಓದಿ ಹೇಳುತ್ತಿದ್ದರು. ಹಳ್ಳಿಯಲ್ಲಿದ್ದಾಗಲೇ ಬಾಲಕನಿಗೆ ಮೌಲವಿಯೊಬ್ಬರಿಂದ ಪಾರಸೀ ಭಾಷೆಯ ಪಾಠವೂ ಆಯಿತು. ತಾಯಿಯ ಬಾಯಿಂದ ಕೇಳಿದ ಆ ಪದ್ಯಗಳ ನಡೆಯು ಹುಡುಗನ ಕಿವಿಯಲ್ಲಿ ಉಳಿಯಿತು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದಿನ ಕಥೆಗೆಲ್ಲ ಇದೇ ಬೇರು.

ಆ ಬಳಿಕ ತಂದೆ ಮಗನನ್ನು ಕಲ್ಕತ್ತೆಗೆ ಕರೆಸಿಕೊಂಡು ಹಿಂದೂ ಕಾಲೇಜಿಗೆ ಸೇರಿಸಿದರು. ಆಗ ಆ ವಿದ್ಯಾಲಯದಲ್ಲಿ ಕ್ಯಾಪ್ಟನ್ ರಿಚರ್ಡ್‌ಸನ್ ಎಂಬವರು ಇಂಗ್ಲಿಷ್ ಸಾಹಿತ್ಯವನ್ನು ಬೋಧಿಸುತ್ತಿದ್ದರು. ಅವರ ಪಾಠವನ್ನು ಕೇಳಿ ಮಧುಸೂದನರು ಇಂಗ್ಲಿಷ್ ಕಾವ್ಯಕ್ಕೆ ಮನಸೋತರು. ಬೈರನ್ ಕವಿಯಂತೆ ಬರೆಯಬೇಕು, ಇಂಗ್ಲೆಂಡಿಗೆ ಹೋಗಬೇಕು, ಅಲ್ಲಿ ಕವಿಯೆನಿಸಬೇಕು, ಇದೇ ಅವರ ಹಗಲುಗನಸಾಯಿತು. ಬಂಗಾಳಿಯು ಆಳುಕಾಳುಗಳೊಡನೆ ಆಡುವ ನುಡಿಯೆಂಬ ತಾತ್ಸಾರ ಆ ವಿದ್ಯಾಲಯದ ಅನೇಕ ತರುಣರಲ್ಲಿತ್ತು, ಮಧುಸೂದನರೂ ಅವರಲ್ಲೊಬ್ಬರು. 1842ರಲ್ಲಿ ಅವರು ತಮ್ಮ ಪದ್ಯಗಳನ್ನು ವರ್ಡ್ಸ್‌ವರ್ತ್ ಕವಿಗೆ ಅರ್ಪಿಸಿ ವಿಲಾಯತಿಯ ಒಂದು ಪ್ರಸಿದ್ಧ ಮಾಸಪತ್ರಿಕೆಗೆ ಕಳುಹಿಸಿದರು. ಅವು ಅಚ್ಚಾಗಲಿಲ್ಲ. ಅದೇ ವರ್ಷ ಸ್ತ್ರೀವಿದ್ಯಾಭ್ಯಾಸವನ್ನು ಕುರಿತ ಪ್ರಬಂಧಸ್ಪರ್ಧೆಯಲ್ಲಿ ಇಂಗ್ಲಿಷಿನಲ್ಲಿ ಬರೆದು ಚಿನ್ನದ ಪದಕವನ್ನು ಗಳಿಸಿದರು. ಬಾಲಿಕೆಯರಿಗೆ ಶಾಲೆಗಳೇ ವಿರಳವಾಗಿದ್ದ ಆ ದಿನಗಳಲ್ಲಿ ಹದಿನೆಂಟು ವರ್ಷದ ತರುಣನು ಅವರ ಪರವಾಗಿ ಲೇಖನಿ ಹಿಡಿದನೆಂಬುದು ನಮ್ಮಂಥವರಿಗೆ ಸಂತೋಷದ ವಿಷಯವೇ ಸರಿ.

1843ನೆಯ ಇಸವಿ ಫೆಬ್ರುವರಿ 9ರಂದು ಅವರು ಕಲ್ಕತ್ತೆಯ ಓಲ್ಡ್ ಮಿಷನ್ ಚರ್ಚಿನಲ್ಲಿ ಕ್ರೈಸ್ತ ದೀಕ್ಷೆಯನ್ನು ಪಡೆದರು. ತಂದೆ ಗೊತ್ತುಮಾಡಿದ್ದ ವಿವಾಹವನ್ನು ತಪ್ಪಿಸಿಕೊಳ್ಳುವ ಇಚ್ಛೆಯೂ ಇಂಗ್ಲೆಂಡಿಗೆ ಹೋಗುವ ದಾರಿ ತೆರೆದೀತೆಂಬ ಆಸೆಯೂ ಇದರಲ್ಲಿ ಸೇರಿದ್ದುವೆಂದು ಚರಿತ್ರಕಾರರು ಹೇಳುತ್ತಾರೆ. ಮನುಷ್ಯನ ಅಂತರಂಗವನ್ನು ಅಳೆಯುವುದು ನಮ್ಮ ಕೆಲಸವಲ್ಲ. ಹಿಂದೂ ಕಾಲೇಜಿನ ಬಾಗಿಲು ಅವರಿಗೆ ಮುಚ್ಚಿತು. 1844ರಲ್ಲಿ ಅವರು ಬಿಷಪ್ಸ್ ಕಾಲೇಜನ್ನು ಸೇರಿ ಗ್ರೀಕ್, ಲ್ಯಾಟಿನ್, ಸಂಸ್ಕೃತಗಳನ್ನು ಕಲಿತರು. ಕೆಲವು ವರ್ಷಗಳ ತರುವಾಯ ತಂದೆಯಿಂದ ಬರುತ್ತಿದ್ದ ಹಣ ನಿಂತುಹೋಯಿತು. ಆಗ ಅವರು ಮನೆಗೂ ಗೆಳೆಯರಿಗೂ ದೂರವಾಗಿ ಮದ್ರಾಸಿಗೆ ಹೊರಟರು.

1848ರಿಂದ 1856ರ ವರೆಗೆ ಎಂಟು ವರ್ಷ ಅವರು ಮದ್ರಾಸಿನಲ್ಲಿದ್ದರು. ಅನಾಥ ಬಾಲಕರ ಶಾಲೆಯೊಂದರಲ್ಲಿ ಉಪಾಧ್ಯಾಯ ವೃತ್ತಿ ದೊರೆಯಿತು. ಅಲ್ಲಿಯೇ ರೆಬೆಕ್ಕಾ ಎಂಬಾಕೆಯನ್ನು ವಿವಾಹವಾದರು. ಮುಂದೆ ಪತ್ರಿಕೆಗಳ ಸಂಪಾದಕರೂ ಆದರು. ನಿತ್ಯವೂ ಗಡುವಿಗೆ ಸರಿಯಾಗಿ, ಅಳತೆಗೆ ಸರಿಯಾಗಿ, ಓದುವವರಿಗೆ ತಿಳಿಯುವಂತೆ ಬರೆಯುವ ಅಭ್ಯಾಸ ಅವರಿಗೆ ಈ ಪತ್ರಿಕೆಗಳಲ್ಲಿ ಆಯಿತು. ಪೃಥ್ವೀರಾಜನ ಕಥೆಯನ್ನು ತೆಗೆದುಕೊಂಡು ದಿ ಕ್ಯಾಪ್ಟಿವ್ ಲೇಡಿ ಎಂಬ ಇಂಗ್ಲಿಷ್ ಕಾವ್ಯವನ್ನು ರಚಿಸಿ 1849ರಲ್ಲಿ ಅಚ್ಚುಹಾಕಿಸಿದರು. ಸುಲ್ತಾನೆ ರಜಿಯಾಳನ್ನು ಕುರಿತು ಪ್ರಾಸವಿಲ್ಲದ ಇಂಗ್ಲಿಷ್ ಪದ್ಯದಲ್ಲಿ ಒಂದು ನಾಟಕವನ್ನೂ ಬರೆದರು. ವಸ್ತು ನಮ್ಮ ದೇಶದ್ದು, ನುಡಿ ಇಂಗ್ಲೆಂಡಿನದು.

ಈ ವರ್ಷಗಳಲ್ಲಿ ಅವರ ದಿನಚರಿ ಆಶ್ಚರ್ಯಕರವಾದುದು. ಬಾಲ್ಯಮಿತ್ರ ಗೌರದಾಸ ಬಸಾಕರಿಗೆ ಬರೆದ ಕಾಗದದಲ್ಲಿ ಅದನ್ನು ಗಂಟೆಗಂಟೆಯಾಗಿ ತಿಳಿಸಿದ್ದಾರೆ. ಬೆಳಗ್ಗೆ ಹೀಬ್ರೂ, ಆಮೇಲೆ ಶಾಲೆ, ನಡುಹಗಲು ಗ್ರೀಕ್, ಬಳಿಕ ತೆಲುಗು ಮತ್ತು ಸಂಸ್ಕೃತ, ಸಂಜೆ ಲ್ಯಾಟಿನ್, ರಾತ್ರಿ ಇಂಗ್ಲಿಷ್. ಈ ಪಟ್ಟಿಯಲ್ಲಿ ಒಂದು ನುಡಿ ಮಾತ್ರ ಇಲ್ಲ. ಅದು ಅವರ ತಾಯ್ನುಡಿ. ಆದರೆ ಅದೇ ವರ್ಷದ ಇನ್ನೊಂದು ಕಾಗದದಲ್ಲಿ, ತಮಗೆ ಬಂಗಾಳಿಯು ಬೇಗಬೇಗನೆ ಮರೆತುಹೋಗುತ್ತಿದೆಯೆಂದು ಹೇಳಿಕೊಂಡು, ಶ್ರೀರಾಮಪುರದಲ್ಲಿ ಮುದ್ರಿತವಾದ ಕೃತ್ತಿವಾಸನ ರಾಮಾಯಣವನ್ನೂ ಕಾಶೀರಾಮನ ಭಾರತವನ್ನೂ ಕಳುಹಿಸಿಕೊಡಬೇಕೆಂದು ಕೇಳಿದ್ದಾರೆ. ತಾಯಿ ಓದಿ ಹೇಳಿದ ಆ ಎರಡು ಗ್ರಂಥಗಳನ್ನೇ ಅವರು ಬೇಡಿದರೆಂಬುದನ್ನು ಗಮನಿಸಬೇಕು. ಯಾರೂ ಬುದ್ಧಿ ಹೇಳುವುದಕ್ಕೆ ಮೊದಲೇ ಅವರ ಕಿವಿಗೆ ಏನೋ ಕೊರತೆ ತಿಳಿದಿತ್ತು.

ಬುದ್ಧಿ ಹೇಳುವವರೂ ಬೇಗನೆ ದೊರೆತರು. ಅವರ ಇಂಗ್ಲಿಷ್ ಕಾವ್ಯಕ್ಕೆ ಮದ್ರಾಸಿನಲ್ಲಿ ಸ್ವಲ್ಪ ಮೆಚ್ಚಿಕೆ ಬಂದರೂ ಕಲ್ಕತ್ತೆಯಲ್ಲಿ ಅಷ್ಟೇನೂ ಆದರ ದೊರೆಯಲಿಲ್ಲ. ಗೌರದಾಸರು ಒಂದು ಪ್ರತಿಯನ್ನು ಬೆಥೂನರಿಗೆ ಒಪ್ಪಿಸಿದರು. ಬೆಥೂನರು ಗವರ್ನರ್ ಜನರಲರ ಮಂತ್ರಾಲೋಚನ ಸಭೆಯ ನ್ಯಾಯಸದಸ್ಯರು, ವಿದ್ಯಾಸಮಿತಿಯ ಅಧ್ಯಕ್ಷರು. 1849ನೆಯ ಇಸವಿ ಮೇ ತಿಂಗಳಿನಲ್ಲಿ ಅವರೇ ಕಲ್ಕತ್ತೆಯಲ್ಲಿ ಬಾಲಿಕೆಯರ ಶಾಲೆಯೊಂದನ್ನು ಸ್ಥಾಪಿಸಿದ್ದರು. ಇಂದು ಅವರ ಹೆಸರನ್ನೇ ಹೊತ್ತ ಬೆಥೂನ್ ಕಾಲೇಜು ಆ ಶಾಲೆಯಿಂದ ಬೆಳೆದುದು. ಅದೇ ವರ್ಷ ಅವರು ಗೌರದಾಸರಿಗೆ ಉತ್ತರ ಬರೆದರು. ಇಂಗ್ಲಿಷ್ ವ್ಯಾಸಂಗದಿಂದ ಬೆಳೆಸಿಕೊಂಡ ರುಚಿಯನ್ನೂ ಶಕ್ತಿಯನ್ನೂ ಈ ತರುಣನು ತನ್ನ ಸ್ವಂತ ಭಾಷೆಯ ಕಾವ್ಯವನ್ನು ಮೇಲೆತ್ತುವುದಕ್ಕೆ ಉಪಯೋಗಿಸಿದರೆ ದೇಶಕ್ಕೂ ಹಿತ, ಅವನ ಕೀರ್ತಿಯೂ ಸ್ಥಿರ. ಅನುವಾದಗಳಿಂದಲೂ ಒಳ್ಳೆಯ ಸೇವೆಯಾದೀತು ಎಂಬುದು ಅದರ ತಾತ್ಪರ್ಯ. ಬಂಗಾಳಿಯ ಹಳೆಯ ಕಾವ್ಯಗಳನ್ನು ಕುರಿತು ಆ ಕಾಗದದಲ್ಲಿ ಕಾಣುವ ಕೀಳುಭಾವನೆಯು ಪರರ ಬಾಯಿಮಾತಿನಿಂದ ಬಂದುದು, ಅದನ್ನು ಒಪ್ಪಬೇಕಾದುದಿಲ್ಲ. ಆದರೆ ಮುಖ್ಯವಾದ ಬುದ್ಧಿವಾದವು ಬೆಲೆಯುಳ್ಳದ್ದು. ಇಂಗ್ಲಿಷನ್ನು ಬಿಟ್ಟುಬಿಡೆಂದು ಅವರು ಹೇಳಲಿಲ್ಲ. ಅಲ್ಲಿ ಕಲಿತುದನ್ನು ಇಲ್ಲಿಗೆ ತಾ ಎಂದರು.

ಬುದ್ಧಿವಾದವು ಫಲಿಸಲು ಒಂಬತ್ತು ವರ್ಷಗಳು ಹಿಡಿದುವು. ಈ ನಡುವೆ 1851ರಲ್ಲಿ ತಾಯಿ ತೀರಿಕೊಂಡರು. 1855ರಲ್ಲಿ ತಂದೆಯೂ ತೀರಿಕೊಂಡರು. 1856ರ ಆರಂಭದಲ್ಲಿ ಮಧುಸೂದನರು ಕಲ್ಕತ್ತೆಗೆ ಹಿಂದಿರುಗಿದರು. ರೆಬೆಕ್ಕಾಳನ್ನೂ ನಾಲ್ವರು ಮಕ್ಕಳನ್ನೂ ಅವರು ಮದ್ರಾಸಿನಲ್ಲಿಯೇ ಬಿಟ್ಟು ಬಂದರು. ಮತ್ತೆ ಅವರ ಬಳಿಗೆ ಹೋಗಲಿಲ್ಲ. ಹೆನ್ರಿಯೆಟ್ಟಾ ಎಂಬ ಮತ್ತೊಬ್ಬಾಕೆ ಕಲ್ಕತ್ತೆಗೆ ಬಂದು ಅವರ ಬಾಳಿನ ಕೊನೆಯ ವರೆಗೂ ಜೊತೆಯಲ್ಲಿದ್ದಳು. ಕವಿಯ ಚರಿತ್ರೆಯನ್ನು ಹೇಳುವವರು ಈ ಸಂಗತಿಯನ್ನು ಮುಚ್ಚಬಾರದು. ಹೆಂಗಸರ ವಿದ್ಯೆಯನ್ನು ಕುರಿತು ಅಂದವಾಗಿ ಬರೆದವನು ತನ್ನ ಮನೆಯ ಹೆಂಗಸಿಗೆ ನ್ಯಾಯವನ್ನು ತೋರಲಿಲ್ಲವೆಂಬುದು ನಮಗೆ ನೋವಿನ ವಿಷಯ. ಬರೆಹದ ಶಕ್ತಿಯು ಒಂದು ನುಡಿಯಿಂದ ಇನ್ನೊಂದಕ್ಕೆ ದಾಟಬಹುದು. ಲೇಖನಿಯಿಂದ ನಡತೆಗೆ ಅದು ತಾನಾಗಿ ದಾಟುವುದಿಲ್ಲ.

ಕಲ್ಕತ್ತೆಯಲ್ಲಿ ಅವರು ಪೋಲೀಸ್ ಕೋರ್ಟಿನ ಗುಮಾಸ್ತರಾದರು. ಮುಂದೆ ಅಲ್ಲಿಯೇ ದುಭಾಷಿಯಾದರು. 1858ರಲ್ಲಿ ಪೈಕಪಾಡಾದ ರಾಜರು ತಮ್ಮ ಬೆಲ್ಗಾಛಿಯಾ ತೋಟದ ರಂಗಸ್ಥಳದಲ್ಲಿ ರತ್ನಾವಳೀ ನಾಟಕವನ್ನು ಬಂಗಾಳಿಯಲ್ಲಿ ಆಡಿಸುವ ಏರ್ಪಾಡು ಮಾಡಿದರು. ನೋಡಲು ಬರುವ ಇಂಗ್ಲಿಷರಿಗಾಗಿ ಒಂದು ಇಂಗ್ಲಿಷ್ ಅನುವಾದ ಬೇಕಾಯಿತು. ಅದನ್ನು ಮಾಡಿಕೊಟ್ಟವರು ಮಧುಸೂದನರು. ಒಂದೊಂದು ವಾಕ್ಯವನ್ನೂ ತೂಗಿ ಇನ್ನೊಂದು ನುಡಿಗೆ ಒಯ್ಯುವಾಗ ನಾಟಕದ ಬಡತನ ಅವರ ಕಣ್ಣಿಗೆ ಬಿದ್ದಿತು. ಇಷ್ಟು ಹಣ ಸುರಿದು ಇಂಥ ನಾಟಕವನ್ನು ಆಡಬೇಕೇ ಎಂದು ಗೌರದಾಸರೊಡನೆ ಮರುಗಿದರು. ಒಳ್ಳೆಯದು ಬಂಗಾಳಿಯಲ್ಲಿ ಇಲ್ಲವಲ್ಲ ಎಂದು ಅವರು ಹೇಳಲು, ತಾವೇ ಬರೆಯುವುದಾಗಿ ಮಧುಸೂದನರು ಮಾತುಕೊಟ್ಟರು. ಇಂಗ್ಲಿಷಿನಲ್ಲಿಯೇ ಕಾಗದ ಬರೆಯುವ ಈತನು ಬಂಗಾಳಿಯಲ್ಲಿ ನಾಟಕ ಬರೆದಾನೆಂದು ಯಾರು ತಾನೇ ನಂಬಿಯಾರು? ಅವರು ಸಂಸ್ಕೃತ ನಾಟಕಗಳನ್ನೂ ಬಂಗಾಳಿ ನಾಟಕಗಳನ್ನೂ ತರಿಸಿ ಓದಿ, ಯಯಾತಿಯ ಕಥೆಯನ್ನು ಆರಿಸಿಕೊಂಡು ಶರ್ಮಿಷ್ಠಾ ನಾಟಕವನ್ನು ರಚಿಸಿದರು. ಅದು 1859ರಲ್ಲಿ ಅಚ್ಚಾಗಿ ಅದೇ ವರ್ಷ ರಂಗಸ್ಥಳವನ್ನೇರಿತು. ಆಗ ಅವರಿಗೆ ಮೂವತ್ತೈದು ವರ್ಷ.

ಮುಂದಿನ ಮೂರು ವರ್ಷಗಳಲ್ಲಿ ಅವರ ಲೇಖನಿಯಿಂದ ಹೊರಟುದನ್ನು ನೋಡಿದರೆ ಬೆರಗಾಗುತ್ತದೆ. ಹೊಸ ನಾಗರಿಕತೆಯ ಡಂಭವನ್ನೂ ಹಳೆಯ ಮುದುಕರ ಕಪಟವನ್ನೂ ಹಾಸ್ಯಮಾಡುವ ಎರಡು ಪ್ರಹಸನಗಳು, ಪದ್ಮಾವತಿ ಮತ್ತು ಕೃಷ್ಣಕುಮಾರಿ ಎಂಬ ನಾಟಕಗಳು, ತಿಲೋತ್ತಮಾಸಂಭವ, ಮೇಘನಾದವಧ, ವ್ರಜಾಂಗನಾ, ವೀರಾಂಗನಾ ಎಂಬ ಕಾವ್ಯಗಳು. ಇಷ್ಟೂ 1860ರಿಂದ 1862ರ ಒಳಗೆ ಪ್ರಕಟವಾದುವು. ಇದನ್ನು ಪವಾಡವೆಂದು ಹೇಳುವವರುಂಟು. ನಾವು ಹಾಗೆ ಹೇಳೆವು. ಹಿಂದಿನ ಸುಮಾರು ಇಪ್ಪತ್ತು ವರ್ಷ ಅವರು ಇಂಗ್ಲಿಷಿನಲ್ಲಿ ದುಡಿದಿದ್ದರು. ಆ ದುಡಿಮೆಯ ಪೈರನ್ನು ಈಗ ತಾಯ್ನುಡಿಯ ಕಣದಲ್ಲಿ ಒಕ್ಕಿದರು.

ಈ ದಾಟುವಿಕೆಯು ಹೇಗೆ ನಡೆಯಿತೆಂಬುದಕ್ಕೆ ಅವರ ಛಂದಸ್ಸೇ ಸ್ಪಷ್ಟವಾದ ಸಾಕ್ಷಿ. ಬಂಗಾಳಿಯ ಹಳೆಯ ಕಥಾಕಾವ್ಯಗಳೆಲ್ಲ ಬಹುಮಟ್ಟಿಗೆ ಪಯಾರವೆಂಬ ಛಂದಸ್ಸಿನಲ್ಲಿವೆ. ಅದರಲ್ಲಿ ಸಾಲಿಗೆ 14 ಅಕ್ಷರಗಳು. 8 ಅಕ್ಷರಗಳಾದ ಮೇಲೆ ಒಂದು ನಿಲುಗಡೆ, ಮತ್ತೆ 6 ಅಕ್ಷರಗಳಿಗೆ ಸಾಲಿನ ಮುಕ್ತಾಯ. ಎರಡೆರಡು ಸಾಲುಗಳಿಗೆ ಅಂತ್ಯಪ್ರಾಸ. ಅರ್ಥವೂ ಸಾಲಿನೊಡನೆಯೇ ನಿಲ್ಲಬೇಕು. ಕಥೆ ಹೇಳುವುದಕ್ಕೆ ಇದು ಇಂಪಾದ ನಡೆ. ಆದರೆ ಕೋಪ, ಶೋಕ, ಯುದ್ಧದ ವೇಗಗಳನ್ನು ಈ ಚಿಕ್ಕ ಚಿಕ್ಕ ಪೆಟ್ಟಿಗೆಗಳಲ್ಲಿ ತುಂಬುವುದು ಕಷ್ಟ. ಮಿಲ್ಟನ್ ಮಹಾಕವಿಯಲ್ಲಿ ಮಧುಸೂದನರು ಕಂಡುದು ಬೇರೆ ರೀತಿ. ಅಲ್ಲಿ ಪ್ರಾಸವಿಲ್ಲ. ವಾಕ್ಯವು ಒಂದು ಸಾಲಿನಲ್ಲಿ ಹುಟ್ಟಿ ನಾಲ್ಕಾರು ಸಾಲುಗಳನ್ನು ದಾಟಿ ಐದನೆಯದರ ನಡುವೆ ಎಲ್ಲಿ ಬೇಕೋ ಅಲ್ಲಿ ನಿಲ್ಲುತ್ತದೆ. ಬಂಗಾಳಿಯಲ್ಲಿ ಇದು ಸಾಧ್ಯವಿಲ್ಲವೆಂದು ಜತೀಂದ್ರಮೋಹನ ಠಾಕೂರರು ವಾದಿಸಿದರು. ಫ್ರೆಂಚ್ ಭಾಷೆಗೇ ಒಗ್ಗದುದು ಬಂಗಾಳಿಗೆ ಒಗ್ಗೀತೇ ಎಂದರು. ಬಂಗಾಳಿಯು ಸಂಸ್ಕೃತದ ಮಗಳು, ಅವಳಿಗೆ ಯಾವುದೂ ಅಸಾಧ್ಯವಲ್ಲವೆಂಬುದು ಮಧುಸೂದನರ ಉತ್ತರ. ಅವರು ಬರೆದು ತೋರಿಸಿದರು. 1860ರಲ್ಲಿ ತಿಲೋತ್ತಮಾಸಂಭವವು ಅಚ್ಚಾಯಿತು. ಅಚ್ಚಿನ ವೆಚ್ಚವನ್ನು ಜತೀಂದ್ರಮೋಹನರೇ ಸಂತೋಷದಿಂದ ವಹಿಸಿಕೊಂಡರು.

ಇಲ್ಲಿ ಯಾವುದು ಬಂದಿತು, ಯಾವುದು ಉಳಿಯಿತು ಎಂಬುದನ್ನು ಎಣಿಸಿ ನೋಡೋಣ. 14 ಅಕ್ಷರಗಳ ಸಾಲು ಹಾಗೆಯೇ ಉಳಿಯಿತು. ಅದು ಕೃತ್ತಿವಾಸನದು, ತಾಯಿಯ ಬಾಯಿಂದ ಬಂದುದು. ಪ್ರಾಸ ಹೋಯಿತು. ನಿಲುಗಡೆಯ ಸ್ವಾತಂತ್ರ್ಯ ಬಂದಿತು. ಅದು ಇಂಗ್ಲಿಷಿನಿಂದ ಕಲಿತುದು. ಪದಗಳು ಮಾತ್ರ ಇಂಗ್ಲಿಷಿನಿಂದ ಬರಲಿಲ್ಲ, ಬರುವಂತೆಯೂ ಇಲ್ಲ. ಅವನ್ನು ಅವರು ಸಂಸ್ಕೃತದಿಂದಲೂ ಹಳೆಯ ಬಂಗಾಳಿಯಿಂದಲೂ ಹೆಕ್ಕಿ ತಂದರು. ವಿಷಯವನ್ನು ಹೂಡುವ ಕ್ರಮ, ವಾಕ್ಯವನ್ನು ತಡೆದು ನಡೆಸುವ ಬಲ, ಬರೆದುದನ್ನು ಪರರ ಕಣ್ಣಿನಿಂದ ನೋಡುವ ಅಭ್ಯಾಸ, ಇವು ದಾಟುತ್ತವೆ. ಪದಸಂಪತ್ತು, ನುಡಿಗಟ್ಟು, ಕಿವಿಯ ಪಾಕ, ಇವು ದಾಟವು. ಇವನ್ನು ಆಯಾ ನುಡಿಯ ನೆಲದಲ್ಲಿಯೇ ಬೆಳೆದುಕೊಳ್ಳಬೇಕು. ನಮ್ಮ ಹೊಲಿಗೆಯ ತರಗತಿಯ ಉದಾಹರಣೆಯಿಂದಲೇ ಹೇಳಬಹುದು. ಒಂದು ಬಟ್ಟೆಯ ಮೇಲೆ ಕಲಿತ ಹೊಲಿಗೆಯನ್ನು ಇನ್ನೊಂದರ ಮೇಲೆ ಹಾಕಬಹುದು. ಆದರೆ ಮನೆಯಲ್ಲಿ ಬಟ್ಟೆಯೇ ಇಲ್ಲದಿದ್ದರೆ ಕಲಿತ ಕೈ ಏನನ್ನು ಹೊಲಿದೀತು?

1861ರಲ್ಲಿ ಹೊರಬಂದ ಮೇಘನಾದವಧವು ಅವರ ಮಹಾಕೃತಿ. ಒಂಬತ್ತು ಸರ್ಗಗಳ ಈ ಕಾವ್ಯದಲ್ಲಿ ರಾವಣನ ಮಗ ಇಂದ್ರಜಿತುವೇ ನಾಯಕ. ಹೋಮರ್, ವರ್ಜಿಲ್, ಡಾಂಟೆ, ಟಾಸ್ಸೋ, ಮಿಲ್ಟನ್, ಇಷ್ಟು ಜನರ ನೆರಳೂ ಅದರ ಮೇಲೆ ಬಿದ್ದಿದೆ. ಆದರೂ ನಾಲ್ಕನೆಯ ಸರ್ಗದಲ್ಲಿ ಅಶೋಕವನದ ಸೀತೆಯು ಸರಮೆಯೊಡನೆ ಕುಳಿತು ಪಂಚವಟಿಯ ದಿನಗಳನ್ನು ನೆನೆಯುವಾಗ ಕೇಳಿಬರುವುದು ಬಂಗಾಳದ ಹಳ್ಳಿಯ ಧ್ವನಿಯೇ ಹೊರತು ಗ್ರೀಸಿನದಲ್ಲ. ಆ ವರ್ಷ ಫೆಬ್ರುವರಿಯಲ್ಲಿ ಕಾಲೀಪ್ರಸನ್ನ ಸಿಂಹರ ವಿದ್ಯೋತ್ಸಾಹಿನೀ ಸಭೆಯವರು ಕವಿಗೆ ಸನ್ಮಾನಮಾಡಿ ಬೆಳ್ಳಿಯ ಪಾತ್ರೆಯೊಂದನ್ನು ಅರ್ಪಿಸಿದರು. ಉತ್ತರವನ್ನು ಬಂಗಾಳಿಯಲ್ಲಿಯೇ ಹೇಳಬೇಕಾಗಿ ಬಂದುದನ್ನು ಅವರು ಗೆಳೆಯನಿಗೆ ವಿನೋದವಾಗಿ ಬರೆದಿದ್ದಾರೆ. ಮೆಚ್ಚಿದವರಂತೆ ಹಳಿದವರೂ ಇದ್ದರು. ಒಬ್ಬರು ಸೊಂಡಿಲಿಯ ವಧೆಯನ್ನು ವರ್ಣಿಸುವ ಅಣಕಕಾವ್ಯವನ್ನೇ ಬರೆದರು. ತರುಣ ರವೀಂದ್ರನಾಥರು 1877ರಲ್ಲಿ ಮೇಘನಾದವಧವನ್ನು ಕಟುವಾಗಿ ಟೀಕಿಸಿ, ಪ್ರಾಯ ಬಲಿತ ಮೇಲೆ ಆ ಟೀಕೆಗಾಗಿ ಪಶ್ಚಾತ್ತಾಪಪಟ್ಟರು.

ನಮ್ಮ ವಿದ್ಯಾರ್ಥಿನಿಯರಿಗೆ ಇನ್ನೂ ಹತ್ತಿರವಾದುದು 1862ರ ವೀರಾಂಗನಾ ಕಾವ್ಯ. ರೋಮಿನ ಓವಿಡ್ ಕವಿಯು ಪುರಾಣದ ನಾಯಿಕೆಯರು ತಮ್ಮವರಿಗೆ ಬರೆದ ಓಲೆಗಳೆಂಬಂತೆ ಒಂದು ಪದ್ಯಮಾಲೆಯನ್ನು ರಚಿಸಿದ್ದನು. ಮಧುಸೂದನರು ಆ ಅಚ್ಚನ್ನು ತೆಗೆದುಕೊಂಡು ಶಕುಂತಲೆ, ರುಕ್ಮಿಣಿ, ಕೈಕೇಯಿ, ದ್ರೌಪದಿ, ಭಾನುಮತಿ ಮೊದಲಾದ 11 ಮಂದಿ ನಮ್ಮ ದೇಶದ ನಾಯಿಕೆಯರ ಕೈಗೆ ಲೇಖನಿಯನ್ನು ಕೊಟ್ಟರು. ಕೈಕೇಯಿ ದಶರಥನ ಮಾತುಗೇಡನ್ನು ಜರೆಯುತ್ತಾಳೆ; ಭಾನುಮತಿ ಯುದ್ಧವನ್ನು ಬಿಡೆಂದು ದುರ್ಯೋಧನನನ್ನು ಬೇಡುತ್ತಾಳೆ. ಲ್ಯಾಟಿನಿನಿಂದ ಬಂದುದು ಓಲೆಯೆಂಬ ಪಾತ್ರೆ ಮಾತ್ರ. ಅದರಲ್ಲಿ ತುಂಬಿದ ನೀರು ಕಾಶೀರಾಮನ ಭಾರತದ್ದು. ಈ ಕಾವ್ಯವನ್ನು ಅವರು ವಿಧವಾವಿವಾಹಕ್ಕಾಗಿ ಹೋರಾಡಿದ ಈಶ್ವರಚಂದ್ರ ವಿದ್ಯಾಸಾಗರರಿಗೆ ಅರ್ಪಿಸಿದರು.

ಅದೇ ವರ್ಷ ಜೂನ್ ತಿಂಗಳಿನಲ್ಲಿ ಬಾಲ್ಯದ ಕನಸು ಕೈಗೂಡಿತು. ಬಾರಿಸ್ಟರ್ ಪರೀಕ್ಷೆಗಾಗಿ ಅವರು ಇಂಗ್ಲೆಂಡಿಗೆ ಹಡಗು ಹತ್ತಿದರು. ಆದರೆ ಊರಿನಿಂದ ಬರಬೇಕಾದ ಹಣ ಬರಲಿಲ್ಲ. ಫ್ರಾನ್ಸ್ ದೇಶದ ವೆರ್ಸೇಲ್ಸ್ ನಗರದಲ್ಲಿ ಹೆಂಡತಿಮಕ್ಕಳೊಡನೆ ಸಾಲದಲ್ಲಿ ಮುಳುಗಿ, ಸೆರೆಮನೆಯ ಭಯದಲ್ಲಿ ದಿನ ನೂಕಿದರು. ಆಗ ಹಣ ಕಳುಹಿಸಿ ಉಳಿಸಿದವರು ವಿದ್ಯಾಸಾಗರರು. ವಿಚಿತ್ರವೇನೆಂದರೆ, ಬಂಗಾಳದಲ್ಲಿದ್ದು ಇಂಗ್ಲೆಂಡಿಗಾಗಿ ಹಂಬಲಿಸಿದವರು ಯೂರೋಪಿನಲ್ಲಿ ಕುಳಿತು ಬಂಗಾಳಕ್ಕಾಗಿ ಹಂಬಲಿಸಿದರು. ಇಟಲಿಯಲ್ಲಿ ಹುಟ್ಟಿದ ಸಾನೆಟ್ ಎಂಬ ಹದಿನಾಲ್ಕು ಸಾಲಿನ ಕವನವನ್ನು ಅವರು 1860ರಲ್ಲಿಯೇ ಬಂಗಾಳಿಗೆ ತಂದಿದ್ದರು. ವೆರ್ಸೇಲ್ಸಿನಲ್ಲಿ ಅದೇ ಮಾದರಿಯಲ್ಲಿ ಕಪೋತಾಕ್ಷ ನದಿ, ಕೃತ್ತಿವಾಸ, ಕಾಶೀರಾಮದಾಸ, ಕಾಳಿದಾಸ, ವಿದ್ಯಾಸಾಗರ ಮುಂತಾದವರ ಮೇಲೆ ಕವನಗಳನ್ನು ಬರೆದರು. ಮನೆಯಲ್ಲಿ ರತ್ನಗಳಿದ್ದೂ ಪರದೇಶದಲ್ಲಿ ಭಿಕ್ಷೆ ಬೇಡಿದೆನೆಂಬ ಪಶ್ಚಾತ್ತಾಪವೂ ಅವುಗಳಲ್ಲಿ ಒಂದರ ವಸ್ತು. ಇವು 1866ರಲ್ಲಿ ಪುಸ್ತಕವಾಗಿ ಬಂದುವು. 1865ರಲ್ಲಿ ಡಾಂಟೆ ಕವಿಯ ಆರುನೂರನೆಯ ಜಯಂತಿ ನಡೆದಾಗ ಅವನ ಮೇಲೆ ಬರೆದ ಬಂಗಾಳಿ ಕವನವನ್ನು ಅನುವಾದದೊಡನೆ ಇಟಲಿಯ ಅರಸನಿಗೆ ಕಳುಹಿಸಿದರು. ಒಮ್ಮೆ ವಿಲಾಯತಿಗೆ ಇಂಗ್ಲಿಷ್ ಪದ್ಯಗಳನ್ನು ಕಳುಹಿಸಿ ನಿರಾಶರಾದವರು ಈಗ ತಮ್ಮ ತಾಯ್ನುಡಿಯ ಪದ್ಯವನ್ನು ಸಂಕೋಚವಿಲ್ಲದೆ ಯೂರೋಪಿನ ಮುಂದೆ ಇಟ್ಟರು.

1866ರಲ್ಲಿ ಬಾರಿಸ್ಟರರಾಗಿ ಮರುವರ್ಷ ಕಲ್ಕತ್ತೆಗೆ ಬಂದರೂ ವಕೀಲಿಯಲ್ಲಿ ಅವರಿಗೆ ಏಳಿಗೆಯಾಗಲಿಲ್ಲ. ಕೈ ಬಿಗಿಹಿಡಿಯುವ ಗುಣ ಅವರಲ್ಲಿ ಎಂದೂ ಇರಲಿಲ್ಲ; ಪಾನಾಭ್ಯಾಸವೂ ಇತ್ತು. ಸಾಲವೂ ರೋಗವೂ ಒಟ್ಟಿಗೆ ಹತ್ತಿದುವು. 1873ನೆಯ ಇಸವಿ ಜೂನ್ 26ರಂದು ಹೆನ್ರಿಯೆಟ್ಟಾ ತೀರಿಕೊಂಡಳು. ಮೂರು ದಿನಗಳ ತರುವಾಯ 29ರಂದು ಅಲೀಪುರದ ಆಸ್ಪತ್ರೆಯಲ್ಲಿ ಕವಿಯೂ ಕಣ್ಣುಮುಚ್ಚಿದರು. ಆಗ ಅವರಿಗೆ ನಲವತ್ತೊಂಬತ್ತು ವರ್ಷ. ಕಲ್ಕತ್ತೆಯ ಲೋಯರ್ ಸರ್ಕ್ಯುಲರ್ ರಸ್ತೆಯ ಸ್ಮಶಾನದಲ್ಲಿ ಅವರ ಸಮಾಧಿಯಿದೆ. ಅದರ ಮೇಲೆ ಅವರೇ ಬರೆದಿಟ್ಟಿದ್ದ ಪದ್ಯವಿದೆ; ಅದು ಬಂಗಾಳಿಯಲ್ಲಿದೆ.

ನಮ್ಮ ಕನ್ನಡನಾಡಿನಲ್ಲಿಯೂ ಇದಕ್ಕೆ ಸಮಾನವಾದ ಸಂಗತಿಗಳಿಲ್ಲದೆ ಇಲ್ಲ. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ದ್ವಿತೀಯಾಕ್ಷರ ಪ್ರಾಸವನ್ನು ಬಿಟ್ಟು ಬರೆದು ಕನ್ನಡ ಪದ್ಯಕ್ಕೆ ಬಿಡುಗಡೆ ಕೊಟ್ಟರು. ಬಿ. ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಗೀತಗಳನ್ನು ಕನ್ನಡಕ್ಕೆ ತರುತ್ತ ಕನ್ನಡಕ್ಕೆ ಹೊಸ ಧಾಟಿಗಳನ್ನು ತಂದುಕೊಟ್ಟರು. ಕುವೆಂಪುರವರ ಮೊದಲ ಪುಸ್ತಕ 1922ರಲ್ಲಿ ಹೊರಬಂದ ಇಂಗ್ಲಿಷ್ ಕವನಗಳ ಸಂಗ್ರಹ. 1924ರಲ್ಲಿ ಜೇಮ್ಸ್ ಕಸಿನ್ಸ್ ಎಂಬ ಐರಿಷ್ ಕವಿಯು ಮೈಸೂರಿನಲ್ಲಿ ಆ ತರುಣನ ಪದ್ಯಗಳನ್ನು ನೋಡಿ, ತಾಯ್ನುಡಿಯಲ್ಲಿ ಬರೆಯುವಂತೆ ಬುದ್ಧಿ ಹೇಳಿದರು. ಬೆಥೂನರು ಹೇಳಿದ ಮಾತೇ ಎಪ್ಪತ್ತೈದು ವರ್ಷಗಳ ಬಳಿಕ ನಮ್ಮ ನಾಡಿನಲ್ಲಿ ಮತ್ತೊಮ್ಮೆ ಕೇಳಿಬಂದಿತು; ಶ್ರೀ ರಾಮಾಯಣ ದರ್ಶನದ ಕವಿ ನಮಗೆ ದೊರೆತರು.

ಭಾಷಾಶಿಕ್ಷಣವನ್ನು ಶೋಧಿಸುವ ವಿದ್ವಾಂಸರೂ ಇಂದು ಇದೇ ದಾರಿಯಲ್ಲಿ ಮಾತಾಡುತ್ತಾರೆ. ಓದುಬರಹದ ಶಕ್ತಿಯು ಒಬ್ಬನ ಎರಡು ನುಡಿಗಳಿಗೂ ಅಡಿಯಲ್ಲಿ ಒಂದೇ ಆಗಿರುತ್ತದೆ, ಒಂದರಲ್ಲಿ ಬೆಳೆದುದು ಇನ್ನೊಂದಕ್ಕೆ ಒದಗುತ್ತದೆ ಎಂಬ ವಾದವನ್ನು ಜಿಮ್ ಕಮಿನ್ಸ್ ಎಂಬ ವಿದ್ವಾಂಸರು 1979ರಲ್ಲಿ ಮುಂದಿಟ್ಟರು. ಆದರೆ ಅದಕ್ಕೆ ಒಂದು ಕಟ್ಟಳೆಯನ್ನೂ ಅವರು ಸೇರಿಸಿದರು: ಆ ಇನ್ನೊಂದು ನುಡಿಯ ಸಾಕಷ್ಟು ಬಳಕೆಯೂ ಅದರಲ್ಲಿ ಮನಸ್ಸೂ ಇರಬೇಕು. ಮಧುಸೂದನರು ಮದ್ರಾಸಿನಿಂದ ಎರಡು ಪುಸ್ತಕಗಳನ್ನು ಬೇಡಿ ಬರೆದ ಕಾಗದವು ಈ ಕಟ್ಟಳೆಯನ್ನು ನೆರವೇರಿಸಿದ ಕಾಗದವೆಂದು ನಮಗೆ ತೋರುತ್ತದೆ. ಆ ಕಾಗದವನ್ನು ಬರೆಯದಿದ್ದರೆ ಬೆಥೂನರ ಬುದ್ಧಿವಾದವು ಬರಡುನೆಲದ ಮೇಲೆ ಬಿದ್ದ ಬೀಜವಾಗುತ್ತಿತ್ತೋ ಏನೋ.

ಆದಕಾರಣ, ಪ್ರಿಯ ವಿದ್ಯಾರ್ಥಿನಿಯರೇ, ಇಂಗ್ಲಿಷ್ ಪ್ರಬಂಧಕ್ಕಾಗಿ ನೀವು ಪಡುವ ಶ್ರಮವು ವ್ಯರ್ಥವಲ್ಲ. ಅಲ್ಲಿ ವಿಷಯವನ್ನು ಭಾಗಮಾಡಲು ಕಲಿತಿದ್ದೀರಿ, ಬರೆದುದನ್ನು ತಿದ್ದಿ ಮತ್ತೆ ಬರೆಯಲು ಕಲಿತಿದ್ದೀರಿ. ಅದೇ ಶ್ರದ್ಧೆಯನ್ನು ಕನ್ನಡ ಪುಸ್ತಕಕ್ಕೂ ತನ್ನಿರಿ; ಮನೆಯ ಮಾತೆಂದು ಅದನ್ನು ಹೇಗೆಹೇಗೋ ಬಿಡಬೇಡಿರಿ. ಜೊತೆಗೆ ಕನ್ನಡದ ಒಳ್ಳೆಯ ಪುಸ್ತಕಗಳನ್ನು ಓದಿರಿ. ಮನೆಯ ಹಿರಿಯರು ಹೇಳುವ ಕಥೆಗಳಿಗೂ ಹಾಡುಗಳಿಗೂ ಕಿವಿಗೊಡಿರಿ. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಉರ್ದುವನ್ನೋ ಆಡುವವರಿಗೂ ಈ ಮಾತು ಸಲ್ಲುತ್ತದೆ. ಈ ವಾರ ನಿಮ್ಮ ಇಂಗ್ಲಿಷ್ ಪ್ರಬಂಧ ತಿದ್ದಿ ಹಿಂದೆ ಬಂದಾಗ, ಅದರ ಪಕ್ಕದಲ್ಲಿ ಕನ್ನಡ ಪುಸ್ತಕವನ್ನು ತೆರೆದು, ಅದೇ ವಿಷಯವನ್ನು ಅನುವಾದಮಾಡದೆ ಹೊಸದಾಗಿ ಬರೆದು ನೋಡಿರಿ. ಎರಡನ್ನೂ ನಾವು ಒಂದೇ ಆಸಕ್ತಿಯಿಂದ ಓದುತ್ತೇವೆ.